ಮಗನ ಕರೆಗೂ ಕಳ್ಳನ ಕರೆಗೂ ಒಂದೇ ರಿಂಗ್: ದೂರಸಂಪರ್ಕ ಇಲಾಖೆಗೆ ಮೂಡಿಗೆರೆಯಿಂದ ಒಂದು ಬಹಿರಂಗ ಪತ್ರ

ಬೆಂಗಳೂರಿನಲ್ಲಿರುವ ದೂರಸಂಪರ್ಕ ಇಲಾಖೆಯ ಕರ್ನಾಟಕ ವಲಯದ ಅಧಿಕಾರಿಗಳಿಗೆ ಮತ್ತು ದೆಹಲಿಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನವರಿಗೆ,

ನಮಸ್ಕಾರ.

ನಾನು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ನಡೆಸುತ್ತೇನೆ. ಹಿಂದೆ ಇದೇ ಮಳಿಗೆಯಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ-ಐಎಸ್‌ಡಿ ಬೂತ್ ಇತ್ತು. ದುಬೈಗೆ, ಸೌದಿಗೆ, ಮಸ್ಕತ್‌ಗೆ ಹೋದ ಹುಡುಗರು ಮನೆಯವರ ಹತ್ತಿರ ಹೇಗೆ ಮಾತಾಡುತ್ತಾರೆ ಅನ್ನೋದನ್ನ ಬಿಲ್ ಮೀಟರಿನ ಕೆಂಪು ಅಂಕಿಗಳ ಕಾಲದಿಂದ ನೋಡಿಕೊಂಡು ಬಂದಿದ್ದೇನೆ. ಆಗ ದುಡ್ಡಿನದೊಂದೇ ಚಿಂತೆ. ಈಗಿನ ಚಿಂತೆ ಬೇರೆ. ಫೋನ್ ರಿಂಗಾದರೆ ಎತ್ತಬೇಕೋ ಬೇಡವೋ ಅಂತ ಜನ ನನ್ನನ್ನು ಕೇಳಲು ಬರುತ್ತಾರೆ. ಅವರಿಗೆ ಏನು ಹೇಳಬೇಕು ಅಂತ ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ಬಣಕಲ್ ಕಡೆಯ ಒಬ್ಬ ತಾಯಿ ಇತ್ತೀಚೆಗೆ ಬಂದಿದ್ದರು. ಕೈಯಲ್ಲಿ ಕೀಪ್ಯಾಡ್ ಫೋನು. ಹಿಂದಿನ ಮುಚ್ಚಳ ಕಳೆದುಹೋಗಿ ಬ್ಯಾಟರಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಬಂದ ಕರೆಗಳ ಪಟ್ಟಿ ತೆಗೆದು ನನ್ನ ಮುಂದೆ ಹಿಡಿದರು. "ಅಕ್ಕಾ, ಇದ್ರಲ್ಲಿ ನನ್ನ ಮಗ ಯಾವ್ದು ನೋಡಿ ಹೇಳಿ."

ನೋಡಿದೆ. ದುಬೈ ಕಡೆಯ ಕೋಡ್ +971 ಅಂತ ಶುರುವಾಗೋದು ಒಂದೇ ಒಂದು ಇತ್ತು, ಅದೂ ಹಳೇದು. ಮಿಕ್ಕಿದ್ದೆಲ್ಲ ಹತ್ತಂಕಿಯ ನಮ್ಮ ದೇಶದ ನಂಬರ್‌ಗಳು, ಒಂದರಂತೆ ಇನ್ನೊಂದಿಲ್ಲ. ಅವುಗಳಲ್ಲಿ ಕೆಲವು ಮಗ ಮಾಡಿದ್ದು. ಇನ್ನೊಂದು, "ನಿಮ್ಮ ಮಗನ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ, ನಾವು ಕಸ್ಟಮ್ಸ್‌ನವರು" ಅಂತ ಹೆದರಿಸಿದವನದು. ಮಗನ ಕರೆ ಅಂತ ಅವರಿಗೆ ನೆನಪಿದ್ದ ನಂಬರಿಗೆ ವಾಪಸ್ ಮಾಡಿದೆ. ಈ ನಂಬರಿಗೆ ಒಳಬರುವ ಕರೆಯ ಸೌಲಭ್ಯ ಇಲ್ಲ ಅಂತ ಬಂತು. ಕಸ್ಟಮ್ಸ್‌ನವನ ನಂಬರಿಗೂ ಅದೇ ಉತ್ತರ.

ಮಗ ಶಾರ್ಜಾದಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದಾನೆ. ಅಲ್ಲಿಂದ ಮಾಡಿದ ಕರೆ ಇಲ್ಲಿ ನಮ್ಮ ದೇಶದ ಯಾರದೋ ನಂಬರಿನಲ್ಲಿ ಏಕೆ ಬರುತ್ತದೆ? ಆ ತಾಯಿಗೆ ಗೊತ್ತಿಲ್ಲ. ಮಗನಿಗೂ ಗೊತ್ತಿಲ್ಲ. ಅವನು ರೂಮಿನಲ್ಲಿರೋ ಸ್ನೇಹಿತ ತೋರಿಸಿದ ಯಾವುದೋ ಆಪ್‌ಗೆ ದುಡ್ಡು ಹಾಕಿ ಮಾತಾಡುತ್ತಿದ್ದಾನೆ, ಅಷ್ಟೇ. ನಿಮಗೆ ಇದು ಚೆನ್ನಾಗಿ ಗೊತ್ತು. ಆದರೂ ಓದುವ ಜನರಿಗೆ ಗೊತ್ತಾಗಲಿ ಅಂತ ಬರೆಯುತ್ತೇನೆ.

ಶುರುವಾಗೋದು ಆ ಕಡೆಯಿಂದ. ದುಬೈ, ಶಾರ್ಜಾ, ಅಬುಧಾಬಿ ಎಲ್ಲ ಸೇರಿದ ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಫೋಟೋ ಹೋಗುತ್ತದೆ, ಮಾತನ್ನು ರೆಕಾರ್ಡ್ ಮಾಡಿ ಕಳಿಸಿದರೆ ಅದೂ ಹೋಗುತ್ತದೆ. ಕರೆ ಮಾತ್ರ ಹೋಗುವುದಿಲ್ಲ. ಇಲ್ಲಿಂದ ಅವರಿಗೆ ಮಾಡಿದರೂ ಅಷ್ಟೇ. ಇಂಟರ್‌ನೆಟ್ ಮೂಲಕ ಮಾತಾಡಿಸುವ ಸೇವೆಗೆ ಅಲ್ಲಿನ ನಿಯಂತ್ರಣ ಸಂಸ್ಥೆ ಟಿಡಿಆರ್‌ಎಯ ಒಪ್ಪಿಗೆ ಬೇಕು. ಬೋಟಿಮ್‌ನಂಥ ಕೆಲವು ಆಪ್‌ಗಳಿಗೆ ಒಪ್ಪಿಗೆ ಇದೆ. ಕೊರೊನಾ ಕಾಲದಲ್ಲಿ ಝೂಮ್, ಟೀಮ್ಸ್‌ಗೆ ಬಿಟ್ಟರು. ಸೌದಿಯವರು 2017ರಲ್ಲೇ ಇಂಥ ಕಟ್ಟುಪಾಡು ಸಡಿಲ ಮಾಡಲು ಶುರು ಮಾಡಿದರು. ಯುಎಇ ಪೂರ್ತಿ ಬಿಟ್ಟಿಲ್ಲ. ಅದು ಅವರ ದೇಶ, ಅವರ ಕಾನೂನು, ನಾವು ಇಲ್ಲಿ ಕೂತು ಬೈದರೆ ಏನೂ ಆಗುವುದಿಲ್ಲ.

ಆದರೆ ಹುಡುಗರು ಏನು ಮಾಡುತ್ತಾರೆ ನೋಡಿ. ಕೆಲವರು ವಿಪಿಎನ್, ಅಂದರೆ ಯಾವ ದೇಶದಿಂದ ನೆಟ್ ಬಳಸುತ್ತಿದ್ದೇವೆ ಅನ್ನೋದನ್ನ ಮರೆಮಾಚುವ ಆಪ್, ಹಾಕಿಕೊಳ್ಳುತ್ತಾರೆ. ಊರಿಗೆ ರಜೆಗೆ ಬಂದಾಗ ನನ್ನ ಅಂಗಡಿಗೇ ಬಂದು, "ಅಕ್ಕಾ, ಒಳ್ಳೆ ವಿಪಿಎನ್ ಇದ್ರೆ ಹಾಕಿಕೊಡಿ" ಅನ್ನುತ್ತಾರೆ. ನಾನು ಹಾಕಿಕೊಡುವುದಿಲ್ಲ. ವಿಪಿಎನ್ ಇಟ್ಟುಕೊಳ್ಳೋದೇ ಅಲ್ಲಿ ಅಪರಾಧ ಅಲ್ಲ. ಆದರೆ ಇಂಟರ್‌ನೆಟ್ ವಿಳಾಸ ಮರೆಮಾಚಿ ಅಪರಾಧ ಮಾಡಿದರೆ, ಅಥವಾ ಮಾಡಿದ್ದು ಗೊತ್ತಾಗದ ಹಾಗೆ ತಡೆದರೆ, ಅವರ 2021ರ ಸೈಬರ್ ಕಾನೂನಿನಲ್ಲಿ 5 ಲಕ್ಷ ದಿರ್ಹಮ್‌ನಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ನಮ್ಮ ಲೆಕ್ಕದಲ್ಲಿ ಕಡಿಮೆ ಅಂದರೂ ಒಂದು ಕೋಟಿ ರೂಪಾಯಿಗೆ ಮೇಲಾಯಿತು. ಮನೆಗೆ ಒಂದು ಕರೆ ಮಾಡಿದ್ದಕ್ಕೆ ಅಷ್ಟು ಹಾಕುತ್ತಾರೋ ಇಲ್ಲವೋ, ಅದನ್ನು ಪರೀಕ್ಷೆ ಮಾಡೋಕೆ ಎಸಿ ರಿಪೇರಿ ಹುಡುಗ ಹೋಗಬಾರದು ಅಲ್ವಾ?

ಇನ್ನು ಕೆಲವರು ಆ ತಾಯಿಯ ಮಗನ ಹಾಗೆ ಅಗ್ಗದ ಆಪ್, ಅಗ್ಗದ ಕಾಲಿಂಗ್ ಕಾರ್ಡ್ ಹಿಡಿಯುತ್ತಾರೆ. ಇಲ್ಲಿಂದ ವಿಷಯ ನಿಮ್ಮ ಅಂಗಳಕ್ಕೆ ಬರುತ್ತದೆ.

ಹೊರದೇಶದಿಂದ ಬರುವ ಫೋನ್ ಕರೆ ನಮ್ಮ ದೇಶದೊಳಗೆ ಕಾಲಿಡಬೇಕಾದರೆ ಲೈಸೆನ್ಸ್ ಇರುವ ಅಂತರರಾಷ್ಟ್ರೀಯ ಕಂಪನಿಯ ಗೇಟ್‌ವೇ ಮೂಲಕವೇ ಬರಬೇಕು. 2002ರ ಏಪ್ರಿಲ್ 1ರವರೆಗೆ ಆ ಬಾಗಿಲು ವಿಎಸ್‌ಎನ್‌ಎಲ್ ಅನ್ನೋ ಒಂದೇ ಕಂಪನಿಯದಾಗಿತ್ತು. ಆಮೇಲೆ ಬೇರೆಯವರಿಗೂ ಬಿಟ್ಟಿರಿ. ಅವತ್ತಿನಿಂದಲೇ ಇಂಟರ್‌ನೆಟ್ ಕರೆಗೂ ಅನುಮತಿ ಕೊಟ್ಟಿರಿ, ಆದರೆ ಅಳೆದು ಸುರಿದು: ಇಲ್ಲಿನ ಕಂಪ್ಯೂಟರ್‌ನಿಂದ ಅಮೆರಿಕದ ಫೋನಿಗೆ ಮಾಡಬಹುದಿತ್ತು, ಇಲ್ಲಿನದೇ ಫೋನಿಗೆ ಮಾಡುವ ಹಾಗಿರಲಿಲ್ಲ. ಸೈಬರ್ ಕೆಫೆಗಳಲ್ಲಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಜೋರಾಗಿ ಕೂಗಿ ಮಾತಾಡುತ್ತಿದ್ದ ಅಪ್ಪ-ಅಮ್ಮಂದಿರು ನೆನಪಿದ್ದಾರಾ? ನಮ್ಮ ಬೂತಿನ ಐಎಸ್‌ಡಿ ವ್ಯಾಪಾರಕ್ಕೆ ಮೊದಲ ಏಟು ಬಿದ್ದಿದ್ದೇ ಆಗ. ಅದಕ್ಕೆ ಈಗ ಬೇಜಾರೇನಿಲ್ಲ.

ಗೇಟ್‌ವೇ ಮೂಲಕ ಬಂದ ಕರೆಯನ್ನು ನಮ್ಮ ಫೋನಿಗೆ ತಲುಪಿಸಿದ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಶುಲ್ಕ ಸಿಗುತ್ತದೆ. 2018ರ ಫೆಬ್ರವರಿಯಲ್ಲಿ ಟ್ರಾಯ್ ಅದನ್ನು 53 ಪೈಸೆಯಿಂದ 30 ಪೈಸೆಗೆ ಇಳಿಸಿತು. 2020ರ ಮೇ 1ರಿಂದ 35 ಪೈಸೆಯಿಂದ 65 ಪೈಸೆಯೊಳಗೆ ಕಂಪನಿಗಳೇ ಮಾತಾಡಿಕೊಳ್ಳಲಿ ಅಂತ ಬಿಟ್ಟಿತು. ಅದೇ ದೇಶದೊಳಗಿನ ಕರೆಗೆ ಈ ಶುಲ್ಕ 2021ರ ಜನವರಿ 1ರಿಂದ ಸೊನ್ನೆ. ಜೊತೆಗೆ ಅನ್‌ಲಿಮಿಟೆಡ್ ಪ್ಯಾಕ್ ಬೇರೆ.

ಕಳ್ಳದಾರಿ ಹುಟ್ಟಿದ್ದು ಈ ಅಂತರದಲ್ಲಿ. ಯಾರೋ ಒಬ್ಬ ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿ ಒಂದು ಸಿಮ್ ಬಾಕ್ಸ್ ಇಟ್ಟುಕೊಳ್ಳುತ್ತಾನೆ. ಅದರ ತುಂಬ ಸಿಮ್ ಕಾರ್ಡ್. ಶಾರ್ಜಾದಿಂದ ಹೊರಟ ಮಾತು ಇಂಟರ್‌ನೆಟ್ ಡೇಟಾ ಆಗಿ ಆ ಕೋಣೆಗೆ ಬರುತ್ತದೆ. ಅಲ್ಲಿ ಒಂದು ಸಿಮ್ ಅದನ್ನು ಲೋಕಲ್ ಕರೆ ಮಾಡಿ ಬಣಕಲ್‌ಗೆ ಕಳಿಸುತ್ತದೆ. ಆ ತಾಯಿಯ ಫೋನಿನಲ್ಲಿ ಕಾಣೋದು ಆ ಸಿಮ್‌ನ ನಂಬರ್. ಗೇಟ್‌ವೇಗೆ ಹೋಗಲೇ ಇಲ್ಲ, ಶುಲ್ಕ ಕಟ್ಟಲೇ ಇಲ್ಲ, ಯಾರು ಎಲ್ಲಿಂದ ಮಾತಾಡಿದರು ಅನ್ನೋ ದಾಖಲೆಯೂ ಉಳಿಯಲಿಲ್ಲ. ಚಾರ್ಮಾಡಿ ಘಾಟಿ ಇಳಿಯೋ ಮರದ ಲಾರಿ ಕೊಟ್ಟಿಗೆಹಾರದ ಚೆಕ್‌ಪೋಸ್ಟ್ ತಪ್ಪಿಸಿ ತೋಟದ ದಾರಿ ಹಿಡಿದ ಹಾಗೆ.

ಒಂದು ಮಾತು ಇಲ್ಲಿ ನೇರವಾಗಿ ಹೇಳಬೇಕು. ನಿಮ್ಮ 65 ಪೈಸೆಯಿಂದಾಗಿ ಆ ಹುಡುಗ ಪರದಾಡುತ್ತಿಲ್ಲ. ಅಲ್ಲಿನ ಕಂಪನಿ ಮಾಮೂಲಿ ಕರೆಗೆ ಅವನಿಂದ ತೆಗೆದುಕೊಳ್ಳೋ ದುಡ್ಡಿನಲ್ಲಿ ಈ ಪೈಸೆ ಎಲ್ಲೋ ಮೂಲೆಯಲ್ಲಿದೆ. ಅವನಿಗೆ ಭಾರ ಆಗಿರೋದು ಅಲ್ಲಿನ ದರ. ಆದರೆ ಸಿಮ್ ಬಾಕ್ಸ್ ಇಟ್ಟವನಿಗೆ ನಿಮಿಷಗಳು ಲಕ್ಷಗಟ್ಟಲೆ. ಅವನ ಹೊಟ್ಟೆ ತುಂಬೋದು ಇದೇ ಪೈಸೆಗಳಿಂದ. ಹೊರಗಿನ ಕರೆಗೆ 65 ಪೈಸೆವರೆಗೆ, ಒಳಗಿನ ಕರೆಗೆ ಸೊನ್ನೆ ಅಂತ ಇರೋವರೆಗೂ ಪೊಲೀಸರು ಒಂದು ಕೋಣೆಗೆ ಬೀಗ ಹಾಕಿದರೆ ಇನ್ನೊಂದು ಕೋಣೆ ತೆರೆಯುತ್ತದೆ. ಟ್ರಾಯ್‌ನವರು ಈ ಶುಲ್ಕವನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಬೇಕು ಅನ್ನೋದು ನನ್ನ ಮನವಿ. ಕಂಪನಿಗಳು ಆದಾಯ ಹೋಯಿತು ಅಂತ ಕೂಗುತ್ತವೆ, ಕೂಗಲಿ. ಕಳ್ಳದಾರಿಯಲ್ಲಿ ಬರೋ ನಿಮಿಷಗಳಿಂದ ಅವರಿಗೆ ಈಗಲೂ ಏನೂ ಸಿಗುತ್ತಿಲ್ಲವಲ್ಲ.

ನೀವು ಸುಮ್ನೆ ಕೂತಿಲ್ಲ, ಅದು ಗೊತ್ತಿದೆ. 2024ರ ಅಕ್ಟೋಬರ್ 22ರಂದು ಹೊರದೇಶದಿಂದ ಬಂದು ನಮ್ಮ +91 ನಂಬರ್ ತೋರಿಸುವ ಸುಳ್ಳು ಕರೆಗಳನ್ನು ತಡೆಯುವ ವ್ಯವಸ್ಥೆ ತಂದಿರಿ. ಮೊದಲ 24 ಗಂಟೆಯಲ್ಲೇ 1.35 ಕೋಟಿ ಕರೆ ಹಿಡಿದು ನಿಲ್ಲಿಸಿದ್ದೀರಿ. ಭಾರತದ ನಂಬರ್ ಹೊತ್ತು ಹೊರಗಿನಿಂದ ಬಂದ ಕರೆಗಳಲ್ಲಿ ಅದು ಶೇಕಡಾ 90. ಮಿಕ್ಕ ಹತ್ತು ಭಾಗದಲ್ಲಿ ನಿಜವಾದವರು ಇರುತ್ತಾರೆ. ಮಂಗಳೂರಲ್ಲಿ ವಿಮಾನ ಹತ್ತಿ ದುಬೈನಲ್ಲಿ ಇಳಿದು, ಇಲ್ಲಿನ ಸಿಮ್ಮನ್ನೇ ರೋಮಿಂಗ್‌ನಲ್ಲಿ ಇಟ್ಟುಕೊಂಡು "ಅಮ್ಮಾ, ತಲುಪಿದೆ" ಅನ್ನುವವರು. ಆ ನಂಬರ್ ನಿಜಕ್ಕೂ ಹೊರದೇಶದಲ್ಲಿದೆಯಾ ಅಂತ ನೋಡಿ ಬಿಡುತ್ತೀರಿ. ಒಳ್ಳೆ ಕೆಲಸ.

ಆದರೆ ಆ ಸೋಸುವ ಕೆಲಸ ನಡೆಯೋದು ಚೆಕ್‌ಪೋಸ್ಟ್‌ನಲ್ಲಿ. ಸಿಮ್ ಬಾಕ್ಸ್ ಕರೆ ಅಲ್ಲಿಗೆ ಬರೋದೇ ಇಲ್ಲ. ಅದು ತೋರಿಸೋ ನಂಬರ್ ಸುಳ್ಳೂ ಅಲ್ಲ. ನಮ್ಮ ದೇಶದ್ದೇ ನಿಜವಾದ ಸಿಮ್, ಯಾರದೋ ಆಧಾರ್ ಮೇಲೆ ತೆಗೆದದ್ದು. ತೋಟದ ಲೈನ್ ಮನೆಗಳಲ್ಲಿ ಇರುವ ದೂರದ ಊರಿನ ಕೆಲಸಗಾರರು ಸಿಮ್ ತಗೊಳ್ಳಲು ನನ್ನಲ್ಲಿಗೆ ಬಂದರೆ, ಅವರ ಹೆಸರಲ್ಲಿ ಈಗಾಗಲೇ ಎಷ್ಟು ಸಿಮ್ ಇವೆ ಅಂತ ನಿಮ್ಮ ಇಲಾಖೆಯ ವೆಬ್‌ಸೈಟ್ ಸಂಚಾರ್ ಸಾಥಿಯಲ್ಲಿ ತೆಗೆದು ತೋರಿಸುತ್ತೇನೆ. ಕೆಲವರ ಮುಖ ಬಿಳಿಚಿಕೊಳ್ಳುತ್ತದೆ. ಅವರು ಕಂಡೇ ಇರದ ನಂಬರ್‌ಗಳು ಅಲ್ಲಿ ಇರುತ್ತವೆ. ಬೆರಳಚ್ಚು ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಒತ್ತಿ ಅಂತ ಯಾರೋ ಎಲ್ಲೋ ಹೇಳಿರುತ್ತಾರೆ, ಇವರು ಒತ್ತಿರುತ್ತಾರೆ. ಒಬ್ಬರ ಹೆಸರಲ್ಲಿ 9 ಸಿಮ್ ಅಂತ ಮಿತಿ ಇಟ್ಟಿದ್ದೀರಿ. ಕೂಲಿ ಮಾಡಿ ಬದುಕುವವನಿಗೆ ಒಂದು ಸಿಮ್ ಸಾಕು. ಮಿಕ್ಕ ಎಂಟು ಯಾರ ಉಪಯೋಗಕ್ಕೆ ಅಂತ ನೀವೇ ಹೇಳಿ.

ಈಗ ನನಗೆ ನಿಜವಾಗಿ ಕಷ್ಟ ಕೊಡುವ ವಿಷಯಕ್ಕೆ ಬರುತ್ತೇನೆ. ಹೊರದೇಶದ ಕರೆ ಭಾರತದ ನಂಬರಿನಲ್ಲಿ ಬಂದರೆ 1963 ನಂಬರಿಗೆ ಫೋನ್ ಮಾಡಿ ತಿಳಿಸಿ, ಇಲ್ಲವೇ ಸಂಚಾರ್ ಸಾಥಿಯಲ್ಲಿ ಬರೆಯಿರಿ ಅಂತ ನೀವು ಹೇಳುತ್ತೀರಿ. ಸರಿ. ನಾನೂ ಆ ತಾಯಿಗೆ ಹಾಗೇ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೇಳಿದ್ರೆ ನನ್ನ ಮಗನ ಮೇಲೆ ಕೇಸ್ ಆಗಲ್ವಾ?"

ನಾನು ಕಾಯ್ದೆ ಓದಿದ್ದೇನೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಇಂಥ ಸೇವೆ ನಡೆಸುವವನಿಗೆ 3 ವರ್ಷದವರೆಗೆ ಜೈಲು, ಇಲ್ಲವೇ 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಇದೆ. ಅದು ಸರಿಯಾಗೇ ಇದೆ. ಆದರೆ ಸೇವೆಗೆ ಅನುಮತಿ ಇಲ್ಲ ಅಂತ ಗೊತ್ತಿದ್ದೂ ಬಳಸಿದವರಿಗೂ ಕಾಯ್ದೆ ದಂಡ ಹೇಳುತ್ತದೆ. ಆ "ಗೊತ್ತಿದ್ದೂ" ಅನ್ನೋದನ್ನ ಯಾರು ಅಳೆಯುತ್ತಾರೆ? ಹುಡುಗ ಆಪ್‌ಗೆ ದುಡ್ಡು ಹಾಕಿದ, ನಂಬರ್ ಒತ್ತಿದ, ಅಮ್ಮ ಎತ್ತಿದಳು. ಆ ಕರೆ ಗೇಟ್‌ವೇ ಮೂಲಕ ಬಂತೋ ಬಾಡಿಗೆ ಕೋಣೆಯ ಮೂಲಕ ಬಂತೋ ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಆಪ್‌ನವನು ಒಂದು ದಿನ ಈ ದಾರಿಯಲ್ಲಿ, ಇನ್ನೊಂದು ದಿನ ಆ ದಾರಿಯಲ್ಲಿ ಕಳಿಸಬಹುದು. ಹಾಗಾಗಿ ಮನೆಯವರು ದೂರು ಕೊಡುವುದಿಲ್ಲ. ಸ್ವಂತ ಮಗನ ಕರೆಯ ಮೇಲೆ ಯಾವ ತಾಯಿ ದೂರು ಕೊಡುತ್ತಾಳೆ? ನಿಮಗೆ ಬೇಕಾದ ಮಾಹಿತಿ ಇಂಥ ಮನೆಗಳಲ್ಲೇ ರಾಶಿ ಬಿದ್ದಿದೆ, ಭಯಕ್ಕೆ ಹೊರಗೆ ಬರುತ್ತಿಲ್ಲ. ಹೀಗೆ ತಿಳಿಸಿದ ಮನೆಯವರನ್ನಾಗಲಿ, ಕರೆ ಮಾಡಿದ ಮಗನನ್ನಾಗಲಿ ಆರೋಪಿ ಮಾಡುವುದಿಲ್ಲ ಅಂತ ನೀವು ಬರೆದು ಕೊಡಿ, ಸಾಕು. ಬಾಯಲ್ಲಿ ಹೇಳಿದರೆ ಆಗುವುದಿಲ್ಲ.

ಅವರಿಗೆ ಬೋಟಿಮ್ ಹಾಕಿಕೊಡಬಹುದಲ್ಲ ಅಂತ ನೀವು ಕೇಳಬಹುದು. ಪೇಟೆಯ ಮನೆಗಳಿಗೆ ಹಾಕಿಕೊಟ್ಟಿದ್ದೇನೆ, ಚೆನ್ನಾಗಿ ನಡೆಯುತ್ತಿದೆ. ಆದರೆ ಅದಕ್ಕೆ ಈ ಕಡೆಯೂ ಸ್ಮಾರ್ಟ್‌ಫೋನ್ ಬೇಕು, ಈ ಕಡೆಯೂ ನೆಟ್ ಬೇಕು. ಜುಲೈನಲ್ಲಿ ಒಮ್ಮೆ ಕೊಟ್ಟಿಗೆಹಾರ, ಕಳಸದ ಕಡೆ ಬಂದು ನೋಡಿ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಟವರಿನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಇಲ್ಲ. ಇದ್ದಾಗಲೂ ಗುಡ್ಡದ ಮರೆಯ ಮನೆಗಳಲ್ಲಿ ಮಾತು ಕೇಳಿಸುವಷ್ಟು ಸಿಕ್ಕರೆ ಹೆಚ್ಚು, ವಿಡಿಯೋ ಎಲ್ಲಿಂದ ಬರಬೇಕು? ಇಂಥ ಮನೆಗೆ ಮಾಮೂಲಿ ಫೋನ್ ಕರೆಯೇ ಗತಿ. ಆ ಮಾಮೂಲಿ ಕರೆಯೇ ಈಗ ಅನುಮಾನದ್ದಾಗಿದೆ.

ಇನ್ನೊಂದು. ಕೆಲವು ಕಂಪನಿಯವರು ಹೊರಗಿನ ಕರೆ ಬಂದಾಗ ಪರದೆಯ ಮೇಲೆ ಇಂಟರ್‌ನ್ಯಾಷನಲ್ ಕಾಲ್ ಅಂತ ತೋರಿಸಲು ಶುರು ಮಾಡಿದ್ದಾರೆ. ನೀವೇ ಮಾಡಿಸಿದ್ದು, ಬೇಡ ಅನ್ನುವುದಿಲ್ಲ. ಆದರೆ ಅದರ ಜೊತೆಗೆ ನೀವು ಕೊಟ್ಟ ಎಚ್ಚರಿಕೆಯೆಲ್ಲ ಹೊರದೇಶದ ಕರೆ ಅಂದರೆ ಮೋಸ ಅನ್ನೋ ಹಾಗಿದೆ. ಫಲ ಏನಾಯಿತು ಗೊತ್ತಾ? ನೆಟ್ಟಗೆ ದುಡ್ಡು ಕೊಟ್ಟು, ಗೇಟ್‌ವೇ ಮೂಲಕ, +971 ತೋರಿಸಿಕೊಂಡು ಬಂದ ಮಗನ ಕರೆಯನ್ನು ಮನೆಯವರು ಕಟ್ ಮಾಡುತ್ತಾರೆ. ಕಳ್ಳದಾರಿಯಲ್ಲಿ ಹತ್ತಂಕಿಯ ಲೋಕಲ್ ನಂಬರಿನಲ್ಲಿ ಬಂದದ್ದನ್ನು ಎತ್ತುತ್ತಾರೆ. ಕಸ್ಟಮ್ಸ್‌ನವನನ್ನೂ ಎತ್ತಿದ್ದು ಹೀಗೇ.

ಮಿಸ್ಡ್ ಕಾಲ್ ವಿಷಯವೂ ಹಾಗೇ. ಒಂದು ರಿಂಗ್ ಅಂದರೆ ಚೆನ್ನಾಗಿದ್ದೇನೆ, ಎರಡು ರಿಂಗ್ ಅಂದರೆ ನೀವೇ ಮಾಡಿ. ದುಡ್ಡಿಲ್ಲದ ಕಾಲದಲ್ಲಿ ಎಷ್ಟೋ ಮನೆಗಳ ಗುಟ್ಟಿನ ಭಾಷೆ ಅದು. ಈಗ ಗೊತ್ತಿಲ್ಲದ ದೇಶದ ನಂಬರಿನಿಂದ ಒಂದೇ ರಿಂಗ್ ಕೊಟ್ಟು ಇಡುತ್ತಾರೆ. ನಮ್ಮವರು ವಾಪಸ್ ಮಾಡಿದರೆ ನಿಮಿಷಕ್ಕೆ ಜಾಸ್ತಿ ದುಡ್ಡು ಕತ್ತರಿಸಿ ಅದರಲ್ಲಿ ಪಾಲು ಹೊಡೆಯುತ್ತಾರೆ. ಐಎಸ್‌ಡಿ ಬೇಡದವರ ಸಿಮ್‌ನಲ್ಲಿ ಅದನ್ನು ಬಂದ್ ಮಾಡಿಸಿ ಅಂತ ಹೇಳುತ್ತಾ ಬಂದಿದ್ದೇನೆ.

ನನಗೆ ತಿಳಿದಷ್ಟನ್ನು ಅಂಗಡಿಗೆ ಬಂದವರಿಗೆ ಹೇಳುತ್ತೇನೆ. ಮಗನ ಯುಎಇ ನಂಬರನ್ನು +971 ಸಮೇತ ಹೆಸರು ಹಾಕಿ ಸೇವ್ ಮಾಡಿಕೊಡುತ್ತೇನೆ. ಅವನು 050 ಅಂತ ಕೊಟ್ಟಿದ್ದರೆ ಆ ಸೊನ್ನೆ ತೆಗೆಯುತ್ತೇನೆ, ಇಲ್ಲದಿದ್ದರೆ ಕರೆ ಹೋಗುವುದಿಲ್ಲ. ಅಲ್ಲಿಂದ ನಮ್ಮ ಲ್ಯಾಂಡ್‌ಲೈನ್‌ಗೆ ಮಾಡುವವರಿಗೂ ಇದೇ ಮಾತು: 08263 ಅಂತ ಒತ್ತಬೇಡಿ, +91 ಆದ ಮೇಲೆ 8263. ಈ ಸೊನ್ನೆಯಿಂದಾಗಿ ಫೋನ್ ಕೆಟ್ಟಿದೆ ಅಂತ ತಿಳಿದುಕೊಂಡ ಮನೆಗಳಿವೆ. ವಾರಕ್ಕೊಮ್ಮೆ ಮಾಮೂಲಿ ಕರೆ, ಮಧ್ಯದಲ್ಲಿ ವಾಟ್ಸಾಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸೋದು, ಇದನ್ನ ಅಭ್ಯಾಸ ಮಾಡಿಕೊಳ್ಳಿ ಅನ್ನುತ್ತೇನೆ. ನಮ್ಮಲ್ಲಿ ರಾತ್ರಿ ಒಂಬತ್ತಾದರೆ ಅಲ್ಲಿ ಏಳೂವರೆ, ಅವರು ಕೆಲಸ ಮುಗಿಸಿ ರೂಮಿಗೆ ಬಂದಿರುವುದೇ ಆಗ.

ಇದನ್ನೆಲ್ಲ ಹೇಳಬೇಕಾದದ್ದು ರೀಚಾರ್ಜ್ ಅಂಗಡಿಯವಳಲ್ಲ. ಕೆಲಸಕ್ಕೆ ಹೊರದೇಶಕ್ಕೆ ಹೋಗುವವರಿಗೆ ಸರ್ಕಾರವೇ ಹೊರಡುವ ಮೊದಲು ಒಂದು ದಿನದ ತರಬೇತಿ ಇಟ್ಟಿದೆ. ವಿದೇಶಾಂಗ ಸಚಿವಾಲಯದ ಜೊತೆ ಮಾತಾಡಿ ಅದರಲ್ಲಿ ಅರ್ಧ ಗಂಟೆ ಫೋನಿಗೆ ಕೊಡಿಸಿ. ಯಾವ ದೇಶದಲ್ಲಿ ಯಾವ ಆಪ್ ನಡೆಯುತ್ತದೆ, ಯಾವುದಕ್ಕೆ ದಂಡ ಬೀಳುತ್ತದೆ, ಅಗ್ಗದ ಕಾರ್ಡ್ ಯಾಕೆ ಅಗ್ಗ, ಇಷ್ಟು ಹೇಳಿದರೆ ಸಾಕು. ಕನ್ನಡದಲ್ಲಿ ಹೇಳಿ. ನಮ್ಮ ಹುಡುಗರಿಗೆ ಈಗ ಇದನ್ನು ಹೇಳುತ್ತಿರುವವರು ಏಜೆಂಟರು ಮತ್ತು ರೂಮ್‌ಮೇಟ್‌ಗಳು.

ಹಾಗೇ ಪರದೆಯ ಮೇಲೆ ಬರುವ ಆ ಸಾಲು ಕೀಪ್ಯಾಡ್ ಫೋನಿನಲ್ಲೂ, ಕನ್ನಡದಲ್ಲೂ, ಎಲ್ಲ ಕಂಪನಿಯ ಸಿಮ್‌ನಲ್ಲೂ ಬರುವ ಹಾಗೆ ಮಾಡಿಸಿ. "ವಿದೇಶಿ ಕರೆ" ಅಂತ ಇದ್ದರೆ ಸಾಕು, ಅದರ ಪಕ್ಕದಲ್ಲಿ ಹೆದರಿಕೆ ಬೇಡ. 1963ರಲ್ಲಿ ನಮ್ಮ ಕಡೆಯ ಕನ್ನಡ ಅರ್ಥವಾಗುವವರು ಕೂತಿರಲಿ.

ಮಗನ ಮೇಲೆ ಕೇಸ್ ಆಗುತ್ತದಾ ಅನ್ನೋ ಪ್ರಶ್ನೆಗೆ ಮಾತ್ರ ನಿಮ್ಮ ಉತ್ತರ ಬೇಗ ಬೇಕು. ಒಂದೇ ಹಾಳೆ, ಕೆಳಗೆ ನಿಮ್ಮ ಸೀಲು, ಸಹಿ. ಬಂದ ದಿನವೇ ಅಂಗಡಿ ಗೋಡೆಗೆ ಅಂಟಿಸುತ್ತೇನೆ, ಜೆರಾಕ್ಸ್ ಮಾಡಿ ಬಣಕಲ್, ಗೋಣಿಬೀಡಿನ ಅಂಗಡಿಗಳಿಗೂ ಕೊಡುತ್ತೇನೆ. ಜೆರಾಕ್ಸ್ ಖರ್ಚು ನನ್ನದು.

ಇಂತಿ,
ಮೂಡಿಗೆರೆಯ ಒಬ್ಬ ರೀಚಾರ್ಜ್ ಅಂಗಡಿಯವಳು